ಮರ್ಯಾದೆಯ ಗಡೀಪಾರು

ಮಾರ್ಚ್ ೧೪, ಗುರುವಾರ

ಸೋಪು ಹಾಕಿ ಎಷ್ಟು ತೊಳೆದರೂ ಅವನ ಕೈ ಕುಲುಕಿದ ಅಸಹ್ಯ ಹೋಗುತ್ತಿಲ್ಲ. ಇವಳು ಊಟಕ್ಕೆ ಕರೆದು ಕರೆದು ಸಾಕಾಗಿ ಮಲಗಿದಳು.

ವಿದೇಶಿ ರಾಯಭಾರ ಕಚೇರಿಯ ದೊಡ್ಡ ಮನುಷ್ಯ. ಮನೆಗೆಲಸದವಳ ತೋಳಿಗೆ ಕಾದ ಇಸ್ತ್ರಿಪೆಟ್ಟಿಗೆ ಒತ್ತಿದವನು. ಪೊಲೀಸರು ಅವನನ್ನು ಮುಟ್ಟುವ ಹಾಗಿಲ್ಲ, ಕೋರ್ಟು ಕರೆಯುವ ಹಾಗಿಲ್ಲ. ಆ ರಕ್ಷಣೆ ಕೊಡುತ್ತೇವೆಂದು ಒಪ್ಪಂದಕ್ಕೆ ಸಹಿ ಹಾಕಿದವರು ನಾವೇ. ರಕ್ಷಣೆ ತೆಗೆಯಿರಿ ಎಂದು ಅವನ ಸರ್ಕಾರವನ್ನು ಕೇಳಿದೆವು. ಆಗುವುದಿಲ್ಲ ಎಂದರು. ಇನ್ನು ನಮ್ಮ ಕೈಲಿ ಉಳಿದದ್ದು, ದೇಶ ಬಿಟ್ಟು ಹೋಗು ಅನ್ನುವುದೊಂದೇ.

ಅದಕ್ಕೂ ಮರ್ಯಾದೆ ಬೇಕಂತೆ! ಶಿಷ್ಟಾಚಾರ ವಿಭಾಗದವನು ನಾನು, ವಿಮಾನ ನಿಲ್ದಾಣದಲ್ಲಿ ಕಾರಿನ ಬಾಗಿಲು ತೆಗೆದೆ. ಅವನ ಪೆಟ್ಟಿಗೆಗಳನ್ನು ಯಾರೂ ಬಿಚ್ಚಿ ನೋಡಲಿಲ್ಲ. ಗಣ್ಯರ ಕೋಣೆಯಲ್ಲಿ ಕಾಲಮೇಲೆ ಕಾಲು ಹಾಕಿಕೊಂಡು ಕೂತು, ಕಾಫಿ ಚೆನ್ನಾಗಿದೆ ಎಂದ. ನಾನು ಮಂಗನ ಹಾಗೆ ಹಲ್ಲು ಕಿರಿದೆ. ವಿಮಾನ ಏರಿದ ಮೇಲೆ ನಮ್ಮ ಸಾಹೇಬರು, "ಸದ್ಯ, ಪೀಡೆ ತೊಲಗಿತು" ಎಂದು ಕೈ ಕೊಡವಿಕೊಂಡರು. ನಮ್ಮ ಮುಖಕ್ಕಿಷ್ಟು ಬೆಂಕಿ ಹಾಕ.

ಸಂಜೆ ಆಸ್ಪತ್ರೆಗೆ ಹೋದೆ. ತೋಳಿಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ಆಕೆ, ನನ್ನನ್ನು ಕಂಡ ಕೂಡಲೇ ಎದ್ದು ಕೂತಳು.

"ಅವನನ್ನ ಏನ್ ಮಾಡಿದ್ರಿ ಸಾರ್?"

"ಅವನ ಊರಿಗೆ ಕಳಿಸಿಬಿಟ್ವಮ್ಮ."



"ಅದು ಶಿಕ್ಷೆನಾ ಸಾರ್? ನನ್ನನ್ನ ಊರಿಗೆ ಕಳಿಸಿ ಅಂತ ಎರಡು ವರ್ಷದಿಂದ ಅವನ ಕಾಲು ಹಿಡ್ಕೊಂಡು ಬೇಡ್ತಿದ್ದೆ. ಅದನ್ನ ಕೇಳಿದ್ದಕ್ಕೇ ಅಲ್ವಾ ಸುಟ್ಟಿದ್ದು?"