ಹಸಿರು ಬಳೆಯ ಮಣಿ

ನಿಪ್ಪಾಣಿ
೧೪ ನವೆಂಬರ್ ೨೦೨೪

ಪ್ರೀತಿಯ ಉಜ್ವಲಾಗೆ,

ನಿನ್ನ ಹಸೀನಾಳ ಸಲಾಮು. ಹರಿದು ಹಾಕುವ ಮೊದಲು ಒಮ್ಮೆ ಓದಿಬಿಡು, ಆಮೇಲೆ ಬೇಕಾದರೆ ಒಲೆಗೆ ಹಾಕು. ಏಳೆಂಟು ತಿಂಗಳ ಹಿಂದೆಯೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ಫೋನಿನಲ್ಲಿ ನನ್ನ ಹೆಸರು ಕಂಡರೆ ನೀನು ಕಟ್ ಮಾಡುತ್ತೀ. ಉಗಾರಕ್ಕೆ ಬಂದು ನಿನ್ನ ಬಾಗಿಲಲ್ಲಿ ನಿಲ್ಲಲು ನನಗೆ ಮುಖವಿಲ್ಲ. ಅಕ್ಕೋಳದ ಶಾಲೆಯಲ್ಲಿ ನಿನ್ನ ಪೇಪರ್ ನೋಡಿ ಪಾಸಾದವಳು ನಾನು, ತಪ್ಪುಗಳನ್ನು ನೀನೇ ತಿದ್ದಿಕೊಂಡು ಓದು.

ನನ್ನ ಗಾಜಿನ ಕೆಲಸ ನಡೆದಿದೆ. ಅಪ್ಪ ಹೆಗಲ ಮೇಲೆ ಬಳೆ ಹೊತ್ತು ಊರೂರು ತಿರುಗಿದರು. ನಾನು ಮನೆಯಲ್ಲೇ ಗ್ಯಾಸಿನ ಉರಿಯ ಮುಂದೆ ಕೂತು, ಗಾಜಿನ ಕಡ್ಡಿ ಕರಗಿಸಿ ಮಣಿ, ಓಲೆ, ಪದಕ ಮಾಡುತ್ತೇನೆ. ಗಿರಾಕಿಗಳು ಈಗ ಬಣ್ಣ ಹೇಳುವುದಿಲ್ಲ, ಮನಸ್ಸಿನಲ್ಲಿದ್ದದ್ದನ್ನು ಹೇಳುತ್ತಾರೆ. ಕೊಲ್ಹಾಪುರದ ಒಬ್ಬಳು, "ಸಿಟ್ಟು ಕಾಣೂವಂಥಾ ಓಲಿ ಮಾಡಿಕೊಡ್ರಿ, ಅತ್ತಿ ಮುಂದ ಹಾಕ್ಕೊಂಡು ಅಡ್ಡಾಡ್ತೀನಿ" ಎಂದಳು. ಕೆಂಪಿನ ಮೇಲೆ ಕಪ್ಪು ಸುತ್ತಿ ಕಳಿಸಿದೆ. ಅತ್ತೆಗೇ ಅದು ಇಷ್ಟವಾಗಿ, ಇಸಿದುಕೊಂಡು ತಾನೇ ಹಾಕಿಕೊಂಡಳಂತೆ. ಇಂಥದ್ದನ್ನು ಹೇಳಿ ನಗಲು ನನಗೆ ನೀನೊಬ್ಬಳೇ ಇದ್ದೆ. ನನ್ನ ಗಂಡ ಫಿರೋಜ ಇಚಲಕರಂಜಿಯಲ್ಲಿ ಆ ಇನ್ನೊಬ್ಬಳ ಜೊತೆ ಸಂಸಾರ ಹೂಡಿ ಮೂರು ವರ್ಷವಾಯಿತು. ಉರಿಯ ಸದ್ದು ಬಿಟ್ಟರೆ ಈ ಮನೆಯಲ್ಲಿ ಬೇರೆ ಸದ್ದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಈಶ್ವರಣ್ಣ ಎದೆನೋವಿನಿಂದ ತೀರಿಕೊಂಡ ದಿನ ನಿಮ್ಮ ಅಂಗಳದಲ್ಲಿ ಹಿರಿಯ ಹೆಂಗಸರು ನಿನ್ನ ಹಸಿರು ಬಳೆ ಒಡೆದರು. ಬಂದು ಹೋಗುವವರು ಆ ಚೂರುಗಳನ್ನು ತುಳಿಯುವುದನ್ನು ನೋಡಲಾಗದೆ ಕರ್ಚೀಫಿನಲ್ಲಿ ಆರಿಸಿಕೊಂಡೆ. ಮನೆಗೆ ತಂದು ತೊಳೆದು ಕರಗಿಸಿದೆ. ಬಳೆಯ ಗಾಜಿಗೂ ನನ್ನ ಕಡ್ಡಿಯ ಗಾಜಿಗೂ ಕೂಡಿಬರುವುದಿಲ್ಲ, ಬೆರೆಸಿದರೆ ಆರುವಾಗ ಬಿರುಕು ಬಿಡುತ್ತದೆ. ಅದಕ್ಕೇ ಬೇರೇನೂ ಸೇರಿಸದೆ, ನಿನ್ನ ಬಳೆಗಳದ್ದೇ ಒಂದು ಮಣಿ ಮಾಡಿ, ಬಿಸಿ ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಿದೆ. ಅಷ್ಟು ಚೆಂದದ ಕೆಲಸ ನನ್ನ ಕೈಯಿಂದ ಹಿಂದೆಂದೂ ಆಗಿರಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ನಿನಗೆ ತೋರಿಸುವ ಮೊದಲೇ ಅದರ ಫೋಟೋ ತೆಗೆದು, "ಗಂಡನನ್ನು ಕಳೆದುಕೊಂಡ ಗೆಳತಿಯ ಬಳೆಗಳಿಂದ" ಎಂದು ಬರೆದು ಇನ್‌ಸ್ಟಾಗ್ರಾಮಿಗೆ ಹಾಕಿದೆ. ಸಾವಿರ ಜನ ಮೆಚ್ಚಿಕೊಂಡರು. ನಿನ್ನ ಮಗಳು ನೀಲಮಳೂ ನೋಡಿದಳು. ತಿಂಗಳ ಮೇಲೆ ನಾನು ಮಣಿ ಹಿಡಿದು ಬಂದಾಗ ನೀನು ಅಳಲೂ ಇಲ್ಲ, ಕೂಗಾಡಲೂ ಇಲ್ಲ. "ನನ್ನ ಗಂಡ ಸತ್ತದ್ದು ನಿನಗ ಡಿಸೈನ್ ಆತೇನ ಬೇ?" ಎಂದೆ. ನಿನ್ನ ಅತ್ತೆ ರುಕ್ಮವ್ವ, "ಆ ಚೂರು ಮನಿಯೊಳಗ ತರಬ್ಯಾಡ, ಹೊಳಿಗೆ ಬಿಡೂದು ಅದು" ಎಂದು ಬಾಗಿಲು ಹಾಕಿಕೊಂಡರು. ಅವರದೇನೂ ತಪ್ಪಿಲ್ಲ. ಬಳೆಗಾರ ಹುಸೇನಮಿಯಾನ ಮಗಳಿಗೆ ಅಷ್ಟೂ ತಿಳಿಯದೇ? ತಿಳಿದೂ ಮಾಡಿದೆ.

ಆ ಫೋಟೋ ಅಂದೇ ಅಳಿಸಿಬಿಟ್ಟೆ. ಆದರೂ ಹೋದ ವಾರ ಸಾಂಗ್ಲಿಯಿಂದ ಒಬ್ಬಾಕೆ ಫೋನ್ ಮಾಡಿ, "ಅಂಥಾದ್ದ ಇನ್ನೊಂದು ಸಿಗತೈತೇನ್ರಿ?" ಎಂದು ಕೇಳಿದಳು. "ಸಿಗೂದಿಲ್ರಿ" ಎಂದು ಇಟ್ಟುಬಿಟ್ಟೆ. ನಾಚಿಕೆಯಿಂದ ಅಂದು ಉರಿ ಹಚ್ಚಲೇ ಇಲ್ಲ.

ಮಣಿ ನನ್ನ ಟ್ರಂಕಿನಲ್ಲಿದೆ. ಅದು ನಿನ್ನದು. ಕೃಷ್ಣೆಗೆ ಬಿಡು ಎಂದರೆ ಬಂದು ಬಿಟ್ಟು ಹೋಗುತ್ತೇನೆ. ನೀನು ಮನೆಯಿಂದ ಹೊರಗೆ ಬರುವುದೂ ಬೇಡ, ಫೋನೆತ್ತಿ ಹೂಂ ಎಂದರೆ ಸಾಕು. ನೀನು ಮಾತು ಬಿಟ್ಟರೆ ನನ್ನ ಜೊತೆ ಮಾತಾಡುವವರು ಇನ್ನಾರೂ ಇಲ್ಲ ಉಜ್ವಲಾ. ಹೆದರಿಸಲು ಹೇಳುತ್ತಿಲ್ಲ, ಇದ್ದದ್ದನ್ನು ಹೇಳಿದೆ.

ನೀಲಮಳಿಗೆ ಪರೀಕ್ಷೆ ಹತ್ತಿರ ಬಂತು, ಚೆನ್ನಾಗಿ ಬರೆಯಲಿ. ದೇವರು ಅವಳನ್ನೂ ನಿನ್ನನ್ನೂ ತಣ್ಣಗೆ ಇಟ್ಟಿರಲಿ. ರುಕ್ಮವ್ವನವರಿಗೆ ನನ್ನ ಸಲಾಮು ಹೇಳು, ಮುಖ ತಿರುಗಿಸಿಕೊಂಡರೂ ಹೇಳು.

ನಿನ್ನವಳೇ,
ಹಸೀನಾ

ತಾ.ಕ.: ಇದೊಂದನ್ನು ಬರೆಯದೆ ಲಕೋಟೆ ಅಂಟಿಸಲು ಆಗುತ್ತಿಲ್ಲ. ಆ ದಿನ ಚೂರು ಆರಿಸಿದ್ದು ಕನಿಕರದಿಂದಲ್ಲ. ಅಷ್ಟೊಂದು ಹೆಂಗಸರು ನಿನ್ನನ್ನು ನಡುವೆ ಕೂರಿಸಿಕೊಂಡು, ಬೆನ್ನು ಸವರುತ್ತಾ ನಿನ್ನ ಜೊತೆ ಅಳುತ್ತಿದ್ದರು. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚಾಯಿತು. ಆ ದುಃಖದಲ್ಲಿ ಒಂದಿಷ್ಟು ನನಗೂ ಬೇಕಿತ್ತು. ಫಿರೋಜ ಬಿಟ್ಟು ಹೋದಾಗ ನನ್ನ ಮನೆಗೆ ಬಂದು ಕೂತವರು ಯಾರೂ ಇಲ್ಲ. ಮರುದಿನ ಹಾಲಿನ ಚನ್ನವ್ವ ಮಾತ್ರ ಬಾಗಿಲಲ್ಲಿ ನಿಂತು, "ಇನ್ನ ಮ್ಯಾಲ ಅರ್ಧಾ ಲೀಟರ ಸಾಕೇನ್ರಿ?" ಎಂದು ಕೇಳಿದಳು.