ಕ್ಯಾಲ್ಕುಲೇಟರಿನ ಬೆನ್ನಿಗೆ ದೀಪ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಮಗಳೇ,

ಆಶೀರ್ವಾದಗಳು. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಅಮ್ಮನ ಕಣ್ಣು ಹೇಗಿದೆ ಎಂದು ನೀನು ಒಂದೇ ಸಾಲಿನಲ್ಲಿ ಕೇಳಿದ್ದೆ. ಒಂದು ಸಾಲಿನ ಉತ್ತರ ನನ್ನ ಬಳಿ ಇರಲಿಲ್ಲ.

ಡಾಕ್ಟರ್ ಹೇಳಿದ್ದು ಇಷ್ಟು: ಹಿಂದಿನಿಂದ ಬೆಳಕು ಬಿದ್ದ ಅಂಕಿಗಳನ್ನಾದರೂ ಓದುವಷ್ಟು ದೃಷ್ಟಿ ಉಳಿದಿದ್ದರೆ ಆಪರೇಷನ್ ಮಾಡಬಹುದು, ಇಲ್ಲವಾದರೆ ಸುಮ್ಮನೆ ನೋವು ಕೊಟ್ಟಂತೆ. ಬುಧವಾರ ಪರೀಕ್ಷೆ. ಅಲ್ಲಿಯವರೆಗೆ ಕಾಯಲು ನನ್ನಿಂದಾಗಲಿಲ್ಲ. ಅವಳ ಹಳೆಯ ಕ್ಯಾಲ್ಕುಲೇಟರಿನ ಮಬ್ಬು ಪರದೆಯ ಹಿಂದೆ ದೀಪ ಕೂರಿಸಲು ಹೊರಟೆ. ದೀಪವಿರುವ ಹೊಸದನ್ನೇ ತರುತ್ತೇನೆ ಎಂದರೆ ಒಪ್ಪಲಿಲ್ಲ. "ಹೊಲಿಗೆ ಅಂಗಡೀಲಿ ಇಷ್ಟು ವರ್ಷ ಬಟ್ಟೆ ಕತ್ತರಿಸಿದ್ದು ಇದನ್ನ ನಂಬ್ಕೊಂಡು. ಇದರ ಗುಂಡಿ ನನ್ನ ಬೆರಳಿಗೆ ಗೊತ್ತು" ಎಂದಳು.

ಗಡಿಯಾರ ರಿಪೇರಿಯವನು ಹಳೇ ಟಾರ್ಚಿನಿಂದ ಪುಟ್ಟ ಎಲ್‌ಇಡಿ ಬಿಚ್ಚಿಕೊಟ್ಟ. "ಪರದೆ ಹಿಂದೆ ಬೆಳ್ಳಿ ಹಾಳೆ ಇರುತ್ತೆ ಸಾರ್, ಬೆಳಕು ದಾಟೋಕೆ ಬಿಡಲ್ಲ. ಕಿತ್ತುಹಾಕಿ. ಅದಕ್ಕೇ ಅಂಟ್ಕೊಂಡು ಇನ್ನೊಂದು ತೆಳು ಹಾಳೆ ಬರುತ್ತೆ, ಅದನ್ನ ಬಿಡಿಸಿ ವಾಪಸ್ ಇಡಿ. ಅದಿಲ್ದಿದ್ರೆ ಅಂಕಿನೇ ಮೂಡಲ್ಲ."

ಬ್ಲೇಡು ಹಿಡಿದು ಕೆರೆಯುತ್ತ ಕೂತೆ. ಒಂದು ಸ್ಕ್ರೂ ಎಲ್ಲಿಗೋ ಉರುಳಿತು. "ಪ್ರೆಸ್ಸಲ್ಲಿ ಪ್ರೂಫ್ ನೋಡ್ತಾ ಊರವರ ಅಕ್ಷರದ ತಪ್ಪೆಲ್ಲ ಹುಡುಕ್ತೀರಿ, ಕೈಲಿದ್ದ ಸ್ಕ್ರೂ ಸಿಗಲ್ವಾ?" ಎಂದು ನಿನ್ನಮ್ಮ ನಕ್ಕಳು. ಆ ನಗು ಕೇಳಿ ಬಹಳ ದಿನವಾಗಿತ್ತು. ಆತುರ ಹತ್ತಿತು.

ನಿನ್ನೆ ಬೆಳಗ್ಗೆ ಪರದೆ ಬೆಳಗಿತು. ಬೆಳಕು ಕಂಡಿದ್ದೇ ತಡ, ಬೇರೇನೂ ನೋಡದೆ ಅವಳ ಕೈಗಿಟ್ಟು ಎದುರು ಕುರ್ಚಿಯಲ್ಲಿ ಕೂತೆ.

"ಎದೆ ಸುತ್ತಳತೆ ಮೂವತ್ತೆಂಟು. ಅದರ ಕಾಲು ಭಾಗ ಎಷ್ಟು?"

ಗುಂಡಿ ಒತ್ತಿದಳು. ಪರದೆಯನ್ನು ಮುಖದ ಹತ್ತಿರ ತಂದು ಹುಬ್ಬು ಗಂಟಿಕ್ಕಿದಳು.

"ಒಂಬತ್ತೂವರೆ. ಎಷ್ಟು ಚೆನ್ನಾಗಿ ಕಾಣ್ತಿದೆ ರೀ. ಮಗಳಿಗೆ ಬರೀರಿ, ಅಮ್ಮ ಓದಿದ್ಲು ಅಂತ."

ಬರೆದಿದ್ದೇನೆ. ಹೊತ್ತು ಹೊತ್ತಿಗೆ ಊಟ ಮಾಡು. ನೀನು ಎಲ್ಲಿದ್ದರೂ ನೆಮ್ಮದಿಯಾಗಿರು.

ನಿನ್ನ ಅಪ್ಪ

ತಾ.ಕ.: ಹೇಗಾದರೂ ಮಾಡಿ ಮಂಗಳವಾರವೇ ಬಂದುಬಿಡು. ಕಾಗದವನ್ನು ಇವತ್ತಿನ ರಾತ್ರಿ ಬಸ್ಸಿನವನ ಕೈಲೇ ಕಳಿಸುತ್ತಿದ್ದೇನೆ, ನಾಳೆ ಬೆಳಗ್ಗೆ ನಿನಗೆ ಸಿಗುತ್ತದೆ. ನಿನ್ನೆ ಅವಳು ಸ್ನಾನಕ್ಕೆ ಹೋದ ಮೇಲೆ ಮೇಜು ಒರೆಸುತ್ತಿದ್ದೆ. ಆ ತೆಳು ಹಾಳೆ ಬೆಳ್ಳಿ ಹಾಳೆಗೆ ಅಂಟಿಕೊಂಡೇ ಮೇಜಿನ ಮೇಲೆ ಬಿದ್ದಿತ್ತು. ವಾಪಸ್ ಇಡುವುದನ್ನೇ ಮರೆತಿದ್ದೆ. ಕ್ಯಾಲ್ಕುಲೇಟರ್ ತಿರುಗಿಸಿ ನೋಡಿದೆ. ದೀಪ ಉರಿಯುತ್ತಿತ್ತು, ಪರದೆ ಬರೀ ಬಿಳಿ. ಯಾವ ಗುಂಡಿ ಒತ್ತಿದರೂ ಅದರಲ್ಲಿ ಒಂದು ಅಂಕಿಯೂ ಮೂಡಲಿಲ್ಲ.

ಈಗ ಹಾಳೆ ಸರಿಯಾಗಿ ಕೂರಿಸಿದ್ದೇನೆ. ಅಂಕಿಗಳು ಬಾಗಿಲಿನಿಂದಲೇ ಕಾಣುತ್ತವೆ. ಅವಳನ್ನು ಇನ್ನೊಂದು ಲೆಕ್ಕ ಕೇಳುವ ಧೈರ್ಯ ನನಗಿಲ್ಲ.

ಇದನ್ನು ಬರೆಯುವಾಗ ಅವಳು ನನ್ನ ಭುಜಕ್ಕೆ ಒರಗಿ, ಕಾಗದದ ಮೇಲೆಯೇ ಕಣ್ಣಿಟ್ಟು ಕೂತಿದ್ದಾಳೆ. ನಾನು ಕೈ ಅಡ್ಡ ಇಟ್ಟಿಲ್ಲ.