ಪದ್ಮಲತಾಳ ಜುಕಿನಿ ತ್ಯಾಗ

ನವೆಂಬರ್ 24, ಭಾನುವಾರ

ಜುಕಿನಿ ಗಿಡದಲ್ಲಿ ಇವತ್ತೂ ಗಂಡು ಹೂಗಳೇ. ಹಳದಿ ಶಾಲು ಹೊದ್ದ ಸನ್ಮಾನಿತರ ಹಾಗೆ ಸಾಲಾಗಿ ಅರಳಿ ಕೂತಿವೆ. ಕೆಲಸ ಏನು? ಗೊತ್ತಿಲ್ಲ. ಮಧ್ಯಾಹ್ನದೊಳಗೆ ಮುದುಡುವುದು, ಸಂಜೆ ಉದುರುವುದು. ಇಷ್ಟಕ್ಕಾಗಿ ಟೆರೇಸಿಗೆ ನಾಲ್ಕು ಮೂಟೆ ಹಟ್ಟಿಗೊಬ್ಬರ ಹೊತ್ತೆ.

ನಿಝಾಮ್ ಬಂದ. ಪಕ್ಕದ ಮನೆಯವನು. ಶಾರ್ಜಾದಿಂದ ರಜೆಗೆ ಬರುವಾಗ ಸೌತೆಕಾಯಿಯ ಹಾಗಿರುವ ಈ ಪರದೇಶಿ ತರಕಾರಿಯ ಬೀಜ ತಂದುಕೊಟ್ಟು ನನ್ನ ನೆಮ್ಮದಿ ಕೆಡಿಸಿದವನು. ಸೊಂಟಕ್ಕೆ ಕೈಯಿಟ್ಟು ತಪಾಸಣೆ ಮಾಡಿದ.

"ಹೇಮಣ್ಣ, ಅಲ್ಲಿ ಇದು ಮರಳಲ್ಲೇ ಆಗ್ತದೆ. ನಿಮ್ಮ ಮಣ್ಣಿಂದೇ ಏನೋ ಪ್ರಾಬ್ಲೆಮ್."

ನಮ್ಮೂರು ಶಿರ್ತಾಡಿಯ ಮಣ್ಣಿಗೆ ಶಾರ್ಜಾದ ಮರಳಿನಿಂದ ಛೀಮಾರಿ. ಕೇಳಿಸಿಕೊಂಡೆ. ಚಹಾ ಕೂಡ ಕೊಟ್ಟೆ.

ಕೆಳಗಿನಿಂದ ಹೆಂಡತಿ ಪದ್ಮಲತಾ: "ನನ್ನ ಕೊಬ್ಬರಿ ಒಣಗಿಸುವ ಜಾಗ ಹೋಯ್ತು. ಅದರಲ್ಲಿ ಕಾಯಿ ಆದ ದಿನ ಕರೀರಿ, ಬ್ಯಾಂಡ್‌ನವರನ್ನು ಕರೆದುಕೊಂಡು ಬರ್ತೇನೆ."

ಈ ಹೆಂಗಸು ನಾನು ತಂದ ಯಾವುದನ್ನೂ ಮೆಚ್ಚಿದವಳಲ್ಲ. ಸೀರೆಯನ್ನೂ. ಬಟ್ಟೆ ಅಂಗಡಿ ನನ್ನದೇ. ಇರಲಿ. ನಾನು ಬೆಳೆದ ಜುಕಿನಿಯನ್ನು ಇವಳಿಗೆ ತಿನ್ನಿಸಿಯೇ ಸಿದ್ಧ.

ಡಿಸೆಂಬರ್ 3, ಮಂಗಳವಾರ

ಹೆಣ್ಣು ಹೂ ಬಂತು! ಬುಡದಲ್ಲಿ ಕಿರುಬೆರಳಷ್ಟು ಮಿಡಿ — ಅದೇ ಗುರುತು. ಆದರೆ ಇವತ್ತು ಗಂಡು ಹೂ ಒಂದೂ ಇಲ್ಲ. ವಾರಗಟ್ಟಲೆ ಪುಕ್ಕಟೆ ಮೆರೆದವರು ಬೇಕಾದ ದಿನ ಗೈರುಹಾಜರು. ಮೀಟಿಂಗಿಗೆ ಕೋರಂ ಇಲ್ಲ.

ಆದರೂ ಮಿಡಿ ದಪ್ಪ ಆದ ಹಾಗೆ ಕಾಣುತ್ತದೆ. ನಿಝಾಮ್ ಫೋಟೋ ತೆಗೆದು ಶಾರ್ಜಾಕ್ಕೆ ಕಳಿಸಿದ. ಮಣ್ಣಿನ ಮಾನ ಉಳಿಯಿತು.

ಡಿಸೆಂಬರ್ 7, ಶನಿವಾರ

ಉಳಿಯಲಿಲ್ಲ. ಮಿಡಿಯ ತುದಿ ಹಳದಿ, ಮುಟ್ಟಿದರೆ ಪಿಚಕ್. ಪರಾಗ ಬೀಳದಿದ್ದರೆ ಹೀಗೆಯೇ ಕೊಳೆತು ಬೀಳುತ್ತದಂತೆ. ಯೂಟ್ಯೂಬಿನ ಗಡ್ಡದವನು ಹೇಳಿದ್ದು. ಜೇನ್ನೊಣ ಬಂದು ಗಂಡು ಹೂವಿನಿಂದ ಹೆಣ್ಣು ಹೂವಿಗೆ ದಾಟಿಸಬೇಕಂತೆ.

ಜೇನ್ನೊಣ! ನಮ್ಮದು ಜೈನರ ಮನೆ. ತಲೆತಲಾಂತರದಿಂದ ಒಂದು ಹನಿ ಜೇನು ನಾಲಗೆಗೆ ಮುಟ್ಟಿಸಿದವರಲ್ಲ. ನೊಣದ ಸೊತ್ತು ನೊಣಕ್ಕೇ ಎಂದು ಬಿಟ್ಟವರು. ಗೂಡಿಗೆ ಹೊಗೆ ಹಾಕಿ ನೆಕ್ಕುವವರ ತೋಟದಲ್ಲೆಲ್ಲ ಗುಂಯ್‌ಗುಡುವ ಈ ಜಾತಿ, ನಮ್ಮ ಟೆರೇಸಿಗೆ ಒಂದು ಕರ್ಟಸಿ ವಿಸಿಟ್ ಕೊಡಲಿಲ್ಲ. ಕೃತಘ್ನ ಕೀಟಗಳು. ಊಟದ ಹೊತ್ತಿಗೆ ಇದನ್ನೇ ಜೋರಾಗಿ ಹೇಳಿದೆ.

"ಬರುವುದು ಹೇಗೆ ಮಾರಾಯ್ರೇ?" ಎಂದಳು ಪದ್ಮಲತಾ. "ನವಿಲು ಬರ್ತದೆ ಅಂತ ಸುತ್ತ ಸೊಳ್ಳೆಪರದೆ ಕಟ್ಟಿದ್ದು ಯಾರು?"

ಮೇಲೆ ಹೋಗಿ ನೋಡಿದೆ. ಪರದೆಯ ಹೊರಗೆ ಎರಡು ನೊಣ, ಬಾಗಿಲು ಹಾಕಿದ ಬಸದಿಗೆ ಪ್ರದಕ್ಷಿಣೆ ಬರುವವರ ಹಾಗೆ.

ಪರದೆ ಬಿಚ್ಚಿದೆ.

ಡಿಸೆಂಬರ್ 8, ಭಾನುವಾರ

ನವಿಲು ಬಂತು. ಉಳಿದದ್ದು ಎರಡು ಗಿಡ. ಪರದೆ ಕಟ್ಟಿದೆ.

ಡಿಸೆಂಬರ್ 15, ಭಾನುವಾರ

ಪರದೆಯೊಳಗೆ ನೊಣ ಬರದು. ಹಾಗಾಗಿ ನೊಣದ ಕೆಲಸ ನನ್ನ ಪಾಲಿಗೆ. ಕಿವಿಯ ಬಡ್ಸ್‌ನಿಂದ ಪರಾಗ ಒರೆಸಿ ಹೆಣ್ಣು ಹೂವಿಗೆ ಮುಟ್ಟಿಸಬೇಕಂತೆ. ಸ್ನಾನ, ಪೂಜೆ, ತಿಂಡಿ, ಪೇಪರ್ ಮುಗಿಸಿ ಹತ್ತೂವರೆಗೆ ಹತ್ತಿದೆ. ಹೂ ಮುದುಡಿದೆ! ಬೆಳಗಾಗುವಾಗ ಅರಳಿ ಇಷ್ಟೊತ್ತಿಗೆ ಶಟರ್ ಎಳೆಯುತ್ತದೆ. ನಮ್ಮೂರಿನ ಸರಕಾರಿ ಕಚೇರಿಗಳೂ ಇಷ್ಟು ಬೇಗ ಎಳೆಯುವುದಿಲ್ಲ.

ಸೋಲೊಪ್ಪುವವನಲ್ಲ. ಬೆರಳಿನಿಂದ ಬಿಡಿಸಿ ಬಡ್ಸ್ ತುರುಕಿದೆ. ಅದೇ ಹೊತ್ತಿಗೆ ನಿಝಾಮ್.

"ಎಂತ ಸಾವು ಹೇಮಣ್ಣ, ಹೂವಿಗೆ ಕಿವಿನೋವಾ?"

ಇವನ ರಜೆ ಯಾವಾಗ ಮುಗಿಯುತ್ತದೆ?

ಡಿಸೆಂಬರ್ 29, ಭಾನುವಾರ

ಬರೆಯಲು ಏನೂ ಇರಲಿಲ್ಲ. ಕೊಳೆತ ಮಿಡಿಗಳ ಬಗ್ಗೆ ಎಷ್ಟೆಂದು ಬರೆಯುವುದು?

ಇವತ್ತು ಇದೆ. ಪದ್ಮಲತಾ ತನ್ನ ಅಕ್ಕನ ಜೊತೆ ಮೂಡುಬಿದಿರೆಗೆ ಹೋಗಿದ್ದಳು. ಮುನಿ ಮಹಾರಾಜರಿಗೆ ಆಹಾರ ಕೊಡಲು. ಮಧ್ಯಾಹ್ನದ ಬಸ್ಸಿಗೆ ಬಂದಳು. ಬಂದವಳು ನನ್ನ ಗಿಡಕ್ಕೆ ಬೈಯಲಿಲ್ಲ, ಇದೇ ಮೊದಲ ಅಪಶಕುನ.

"ಆಹಾರ ಆದ ಮೇಲೆ ಮಹಾರಾಜರು ಏನಾದ್ರೂ ಒಂದು ತ್ಯಾಗದ ನಿಯಮ ತಗೊಳ್ಳಿ ಅಂದ್ರು," ಎಂದಳು ಕೊನೆಗೆ. "ಅಕ್ಕ ಒಂದು ವರ್ಷಕ್ಕೆ ತೊಂಡೆಕಾಯಿ ಬಿಟ್ಟಳು."

"ನೀನು?"

"ಜುಕಿನಿ."

ಇಂಥ ಜಾಣರು ನಮ್ಮ ಮನೆತನದಲ್ಲಿ ಮೊದಲೂ ಇದ್ದರು. ನನ್ನ ಚಿಕ್ಕಪ್ಪ ಆನೆ ಸವಾರಿ ಬಿಟ್ಟಿದ್ದ. ಸಾಯುವವರೆಗೂ ಕಟ್ಟುನಿಟ್ಟಾಗಿ ಪಾಲಿಸಿದ. ಆದರೆ ಗಂಡನ ಬೆವರನ್ನು ಮಹಾರಾಜರ ಎದುರೇ ಇಲ್ಲದ ವಸ್ತುಗಳ ಪಟ್ಟಿಗೆ ಸೇರಿಸಿದ್ದು ಇವಳೊಬ್ಬಳೇ.

"ಹೇಗೂ ಆಗುವುದಿಲ್ಲ ಅಂತ ತಾನೇ ಬಿಟ್ಟದ್ದು?"

ಸೆರಗಿನ ತುದಿ ಸುತ್ತುತ್ತಾ ಕೂತಳು.

"ಅದೇನಮ್ಮ ಅಂತ ಕೇಳಿದ್ರು. ತರಕಾರಿ, ನಮ್ಮ ಮನೆಯಲ್ಲೇ ಬೆಳೆಸ್ತಾರೆ ಅಂದೆ. ಮನೆಯಲ್ಲೇ ಬೆಳೆದದ್ದನ್ನು ಎದುರಿಟ್ಟುಕೊಂಡು ಬಿಡುವುದು ದೊಡ್ಡ ತ್ಯಾಗ ಅಂತ ಕೈಯೆತ್ತಿ ಆಶೀರ್ವಾದ ಮಾಡಿದ್ರು." ಸ್ವರ ಸಣ್ಣದಾಯಿತು. "ಕಾಯಿ ಆಗದೇ ಹೋದ್ರೆ ನಾನು ಅವರಿಗೆ ಮೋಸ ಮಾಡಿದ ಹಾಗೆ ಅಲ್ವಾ?"

ಎದ್ದು ಹೊರಗೆ ಹೋದೆ. ಅನುಭವಿಸಲಿ. ನನ್ನ ಜುಕಿನಿಯನ್ನು ತಿನ್ನಬೇಕಾದ ಬಾಯಿಯೇ ಹೋಯಿತು. ಇನ್ನು ಗಿಡ ಬದುಕಿದರೇನು, ಸತ್ತರೇನು?

ಜನವರಿ 2, ಗುರುವಾರ. ಬೆಳಿಗ್ಗೆ 6.30

ಟೆರೇಸಿನಲ್ಲಿ ಸದ್ದು. ನವಿಲು ಎಂದು ಕೋಲು ಹಿಡಿದು ಹೋದೆ. ಪದ್ಮಲತಾ! ಶಾಲು ಸುತ್ತಿಕೊಂಡು ಪರದೆಯೊಳಗೆ ಕುಕ್ಕರಗಾಲಿನಲ್ಲಿ ಕೂತಿದ್ದಾಳೆ. ಗಂಡು ಹೂವಿನೆದುರು ಕಣ್ಣು ಮುಚ್ಚಿ ಏನೋ ಹೇಳಿದಳು — ಕ್ಷಮೆ ಕೇಳಿದ್ದಂತೆ — ಕಿತ್ತಳು, ಎಸಳು ಬಿಡಿಸಿದಳು, ಹೆಣ್ಣು ಹೂವಿನ ನಡುವಿಗೆ ಮೆಲ್ಲ ಒತ್ತಿ ಒರೆಸಿದಳು. ಬೊಟ್ಟು ಇಡುವ ಹಾಗೆ.

"ಯಾರು ಹೇಳಿಕೊಟ್ಟದ್ದು?"

"ನಿಮ್ಮ ಫೋನಿನ ಗಡ್ಡದವನೇ. ನೀವು ಅರ್ಧ ನೋಡಿ ಕೆಳಗೆ ಕಾಮೆಂಟಲ್ಲಿ ಅವನಿಗೆ ಬೈದಿದ್ದೀರಿ. ನಾನು ಪೂರ್ತಿ ನೋಡಿದೆ."

"ತಿನ್ನದವಳಿಗೆ ಈ ಉಸಾಬರಿ ಯಾಕೆ?"

"ತಿನ್ನಲಿಕ್ಕೆ ಅಲ್ಲ, ಬಿಡಲಿಕ್ಕೆ. ಇದ್ದರಲ್ವಾ ಬಿಡುವುದು? ಮಾತು ಸಾಕು, ಆ ಪರದೆ ಎತ್ತಿ ಹಿಡೀರಿ."

ಹಿಡಿದೆ. ಬಿಡುವುದಕ್ಕೋಸ್ಕರ ಬೆಳೆಸುವುದು! ಕೃಷಿ ಇಲಾಖೆಯವರು ಇನ್ನೂ ಕಂಡುಹಿಡಿಯದ ಸ್ಕೀಮು.

ಜನವರಿ 8, ಬುಧವಾರ

ಕಾಯಿ ನಿಂತಿದೆ. ಅಂಗೈಯಷ್ಟು ಉದ್ದ. ಹಸಿರು, ಹೊಳಪು, ಅಹಂಕಾರ. ನಾನು ಎರಡು ತಿಂಗಳು ಗೊಬ್ಬರ ಹೊತ್ತಾಗ ಕೊಳೆತೇ ತೋರಿಸಿದ ಗಿಡ, ಇವಳು ಒಂದು ಸಲ ಮುಟ್ಟಿದ್ದಕ್ಕೆ ಹೀಗೆ. ಮತ್ತೂ ಮೂರು ಹಿಂದೆ ಬರುತ್ತಿವೆ. ಪಕ್ಷಪಾತಿ ಗಿಡ.

ಪದ್ಮಲತಾ ದಿನಕ್ಕೆರಡು ಸಲ ಹೋಗಿ ನೋಡುತ್ತಾಳೆ. ಮುಖದಲ್ಲಿ ಭಯ ಹೋಗಿಲ್ಲ. ಕಿತ್ತು ಒಲೆಯ ಮೇಲೆ ಇಡುವವರೆಗೆ ನಂಬಿಕೆಯಿಲ್ಲವಂತೆ.

ಜನವರಿ 12, ಭಾನುವಾರ. ಸಂಜೆ

ಸೂರ್ಯ ಮುಳುಗುವ ಮೊದಲಿನ ಊಟ. ಪಲ್ಯ ಮಾಡಿದಳು, ತೆಂಗಿನಕಾಯಿ ತುರಿ ಹಾಕಿ. ನನ್ನ ಬಟ್ಟಲಿಗೆ ಮಾತ್ರ ಬಡಿಸಿದಳು. ತನ್ನ ಬಟ್ಟಲು ಮುಟ್ಟಲಿಲ್ಲ, ಎದುರು ಕೂತು ನನ್ನ ಬಾಯಿಯನ್ನೇ ನೋಡಿದಳು.

"ಹೇಗುಂಟು?"

ಅಗಿದೆ. ನೆನೆಸಿದ ಹತ್ತಿ. ತೆಂಗಿನ ತುರಿ, ಒಗ್ಗರಣೆ ಬದಿಗಿಟ್ಟರೆ ನೀರು, ಬರೀ ನೀರು. ಈ ಸಪ್ಪೆಯನ್ನು ಜಗತ್ತು ದುಡ್ಡು ಕೊಟ್ಟು ತಿನ್ನುತ್ತದಲ್ಲ, ಥೂ! ಬೈಗುಳ ಐದಾರು ತಯಾರಾಗಿ ನಾಲಗೆಯ ತುದಿಗೆ ಬಂದು ನಿಂತವು. ಒಳ್ಳೊಳ್ಳೆಯವು.

ಅವಳು ಇನ್ನೂ ನೋಡುತ್ತಿದ್ದಳು. ರುಚಿಯಿಲ್ಲದ್ದನ್ನು ಬಿಟ್ಟರೆ ಅದೆಂಥ ತ್ಯಾಗ? ಈ ಪ್ರಶ್ನೆ ಅವಳ ಕಣ್ಣಲ್ಲಿತ್ತು.

"ಭಾರೀ ರುಚಿ," ಎಂದೆ.

"ನಿಜವಾ? ನನ್ನಾಣೆ?"

"ಇದನ್ನು ಬಿಡುವುದು ನನ್ನಿಂದ ಆಗ್ತಿರಲಿಲ್ಲ ಮಾರಾಯ್ತಿ."

ಉಸಿರು ಬಿಟ್ಟಳು. ಎಷ್ಟು ದಿನದಿಂದ ಹಿಡಿದಿಟ್ಟಿದ್ದಳೋ. ಕೈ ಮುಗಿದಳು, ನನಗಲ್ಲ, ಮೂಡುಬಿದಿರೆಯ ದಿಕ್ಕಿಗೆ. ಮತ್ತೆ ಸೌಟು ತುಂಬ ತೆಗೆದು ನನ್ನ ಬಟ್ಟಲಿಗೆ ಸುರಿದಳು. ತಿಂದೆ. ಪುನಃ ಸುರಿದಳು. ತಿಂದೆ.

"ನಾಳೆ ಹುಳಿ ಮಾಡ್ತೇನೆ. ನಾಡಿದ್ದು ದೋಸೆ. ಒಂದು ವರ್ಷ ಮನೆಯಲ್ಲಿ ಇದು ತಪ್ಪಬಾರದು, ದಿನಾ ಎದುರಿಗಿರಬೇಕು. ನೀವು ಇದ್ದೀರಲ್ಲ ತಿನ್ನಲಿಕ್ಕೆ."

ಟೆರೇಸಿನ ಉಳಿದ ಭಾಗವೂ ಬೇಕಂತೆ. ಕೊಬ್ಬರಿಗಲ್ಲ. ನಿಝಾಮನ ಹತ್ತಿರ ಇನ್ನಷ್ಟು ಬೀಜ ಹೇಳಿದ್ದಾಳೆ. ಗೇಟಿನ ಸದ್ದು. ಬಂದ. ಕೈಯಲ್ಲಿ ಪೊಟ್ಟಣ... ಒಂದಲ್ಲ, ಚೀಲವೇ —